ಮೆದುಳಿನ ಆರೋಗ್ಯವೂ ಅಭ್ಯಾಸಬಲವೂ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" "ಅರವತ್ತಕ್ಕೆ ಅರಳು ಮರಳು." ಇವೆರಡೂ ನಮ್ಮಲ್ಲಿ ಎಲ್ಲರ ನಾಲಿಗೆಯ ಮೇಲಿರುವ ಗಾದೆಗಳು. ಗಾದೆಗಳು ಲೋಕಾನುಭವದ ಸಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾರವೆಲ್ಲವೂ ಸತ್ಯವಾಗಬೇಕೆಂಬ ನಿಯಮವಿಲ್ಲ. ಮೊದಲನೆಯ ಗಾದೆ ಎಳೆತನ ಕಳೆದ ಮೇಲೆ ಕಲಿಕೆ ಸಾಗದೆನ್ನುತ್ತದೆ. ಎರಡನೆಯದು ಮುಪ್ಪಿನಲ್ಲಿ ಬುದ್ಧಿ ಕೆಡುವುದು ವಿಧಿಯೆನ್ನುತ್ತದೆ. ಮೆದುಳನ್ನು ಕುರಿತು ಈಚಿನ ದಶಕಗಳಲ್ಲಿ ನಡೆದ ಪರಿಶೋಧನೆಗಳು ಇವೆರಡನ್ನೂ ತಿದ್ದಿವೆ. ಆ ತಿದ್ದುಪಡಿಯನ್ನು ನಮ್ಮ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಉದಾಹರಣೆಗಳೊಡನೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾವ್ಯಕ್ಕೆ ಕಾರಣಗಳಾವುವೆಂದು ವಿಚಾರಿಸಿದ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿದ್ದಾರೆ. ಪ್ರತಿಭೆ ಹುಟ್ಟಿನೊಡನೆ ಬರುವುದು. ವ್ಯುತ್ಪತ್ತಿ ಶಾಸ್ತ್ರಾಧ್ಯಯನದಿಂದಲೂ ಲೋಕಪರಿಶೀಲನೆಯಿಂದಲೂ ಒದಗುವುದು. ಅಭ್ಯಾಸವೊಂದು ಮಾತ್ರ ದಿನದಿನವೂ ನಮ್ಮ ಕೈಯಲ್ಲೇ ಇರುವುದು. ಕಾವ್ಯಕ್ಕೆ ಹೇಳಿದ ಈ ಮಾತು ಬುದ್ಧಿಗೂ ಸಲ್ಲುತ್ತದೆಂಬುದನ್ನು ಮುಂದೆ ಕಾಣಬಹುದು.

ಮೆದುಳೆಂಬ ಅಂಗ

ಪ್ರೌಢ ವಯಸ್ಕನ ಮೆದುಳಿನ ತೂಕ ಸುಮಾರು 1,400 ಗ್ರಾಂ. ಎಂದರೆ ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹವು ವ್ಯಯಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತದೆ. ಅದರಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಬುದ್ಧಿಯ ವ್ಯಾಪಾರವು ಈ ಕೋಶಗಳ ಸಂಖ್ಯೆಗಿಂತ ಅವುಗಳ ನಡುವಣ ಸಂಬಂಧಗಳನ್ನು ಹೆಚ್ಚಾಗಿ ಅವಲಂಬಿಸಿದೆ. ಕಾಡಿನಲ್ಲಿ ಜನ ನಡೆದಾಡಿದ ಕಡೆ ಕಾಲುದಾರಿ ಮೂಡುವಂತೆ, ಬಳಸಿದ ಸಂಬಂಧ ಗಟ್ಟಿಯಾಗುತ್ತದೆ. ಬಳಸದಿದ್ದಲ್ಲಿ ಹುಲ್ಲು ಬೆಳೆಯುತ್ತದೆ. ಈ ಮಾರ್ಪಾಡಿನ ಶಕ್ತಿ ಬಾಲ್ಯದಲ್ಲಿ ಅತಿಶಯವಾಗಿರುವುದು ನಿಜ. ಆದರೆ ಅದು ಯಾವ ವಯಸ್ಸಿನಲ್ಲಿಯೂ ಪೂರ್ತಿ ಬತ್ತುವುದಿಲ್ಲ.

ಪಾಠವೆಂಬ ವ್ಯಾಯಾಮ

ಕುಮಟಾ ತಾಲೂಕಿನ ಗೋಕರ್ಣವು ವೇದಾಧ್ಯಯನಕ್ಕೆ ಹೆಸರಾದ ಕ್ಷೇತ್ರ. ವೇದವನ್ನು ಕಂಠದಲ್ಲಿ ಉಳಿಸಿಕೊಳ್ಳಲು ಪೂರ್ವಿಕರು ಪದ, ಕ್ರಮ, ಜಟೆ, ಘನ ಎಂಬ ಪಾಠಗಳನ್ನು ಕಲ್ಪಿಸಿದರು. ಘನಪಾಠದಲ್ಲಿ ಒಂದು–ಎರಡು, ಎರಡು–ಒಂದು, ಒಂದು–ಎರಡು–ಮೂರು, ಮೂರು–ಎರಡು–ಒಂದು, ಮತ್ತೆ ಒಂದು–ಎರಡು–ಮೂರು ಎಂದು ಪದಗಳು ಮುಂದಕ್ಕೂ ಹಿಂದಕ್ಕೂ ಚಲಿಸುತ್ತವೆ. ಸ್ವರವಾಗಲಿ ಸಂಧಿಯಾಗಲಿ ತಪ್ಪುವಂತಿಲ್ಲ. ಇದು ಬರಿಯ ಗಿಣಿಪಾಠವಲ್ಲ, ಕ್ಷಣಕ್ಷಣವೂ ಎಚ್ಚರವನ್ನು ಬೇಡುವ ಸಾಧನೆ.

ಇಂತಹ ಸಾಧನೆಯಿಂದ ಮೆದುಳಿಗೇನಾದೀತೆಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೈಗೆತ್ತಿಕೊಂಡಿದ್ದಾರೆ. ಭಾರತದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಲ್ಯದಿಂದ ವೇದವನ್ನು ಕಂಠಸ್ಥ ಮಾಡಿದ 21 ಪಂಡಿತರ ಮೆದುಳಿನ ಎಂ.ಆರ್.ಐ. ಚಿತ್ರಗಳನ್ನು ಇತರ 21 ಮಂದಿಯ ಚಿತ್ರಗಳೊಡನೆ ಹೋಲಿಸಲಾಯಿತು. ಪಂಡಿತರಲ್ಲಿ ಭಾಷೆ, ಸ್ಮೃತಿಗಳಿಗೆ ಸಂಬಂಧಿಸಿದ ಭಾಗಗಳು ಹೆಚ್ಚು ದಪ್ಪವಾಗಿದ್ದುವು. ಆದರೆ ಪಾಠದಿಂದ ಮೆದುಳು ಹೀಗಾಯಿತೋ, ಅಂತಹ ಮೆದುಳುಳ್ಳವರೇ ಪಂಡಿತರಾಗಿ ಉಳಿದರೋ ಎಂಬ ಆಕ್ಷೇಪಕ್ಕೆ ಈ ಹೋಲಿಕೆಯೊಂದೇ ಉತ್ತರವಾಗದು.

ಅದಕ್ಕೆ ಸಮಾಧಾನ ದೂರದ ಲಂಡನ್ನಿನಿಂದ ದೊರೆಯುತ್ತದೆ. ಅಲ್ಲಿ ಟ್ಯಾಕ್ಸಿ ಚಾಲಕನಾಗಬೇಕಾದವನು ಸುಮಾರು 25,000 ಬೀದಿಗಳನ್ನು ನೆನಪಿನಲ್ಲಿಟ್ಟುಕೊಂಡು ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಅಂತಹ ಚಾಲಕರಲ್ಲಿ ಸ್ಮೃತಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಹಿಂಬದಿ ದೊಡ್ಡದಾಗಿರುವುದು 2000ದಲ್ಲಿ ಕಂಡುಬಂದಿತ್ತು. ಬಳಿಕ ಕಲಿಕೆಯ ಮೊದಲೂ ಆಮೇಲೂ ಅಭ್ಯರ್ಥಿಗಳನ್ನು ಪರೀಕ್ಷಿಸಿ ನೋಡಿದರು. ಕಲಿತು ಉತ್ತೀರ್ಣರಾದವರಲ್ಲಿ ಆ ಭಾಗ ಬೆಳೆದಿತ್ತು, ಅನುತ್ತೀರ್ಣರಲ್ಲಿ ಬೆಳೆದಿರಲಿಲ್ಲ. ಇದು 2011ರ ವರದಿ. ಇವರೆಲ್ಲರೂ ಪ್ರಾಪ್ತವಯಸ್ಕರು. ಮರವೂ ಬಗ್ಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬಹುಭಾಷೆಯ ಬಲ

ಎರಡನೆಯ ವ್ಯಾಯಾಮ ನಮ್ಮ ಸೀಮೆಯವರಿಗೆ ಅಪ್ರಯತ್ನವಾಗಿ ಒದಗಿದುದು. ಭಟ್ಕಳದ ಪೇಟೆಯಲ್ಲಿ ಕನ್ನಡ, ನವಾಯತಿ, ಉರ್ದು, ಕೊಂಕಣಿಗಳು ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಹೊನ್ನಾವರ, ಕುಮಟೆಗಳಲ್ಲಿ ಹವಿಗನ್ನಡ, ಹಾಲಕ್ಕಿ ಕನ್ನಡ, ಕೊಂಕಣಿಗಳು ನೆರೆಹೊರೆಯಲ್ಲಿವೆ. ಮೀನು ಮಾರುವ ಹೆಂಗಸು ಗಿರಾಕಿಯ ಮುಖ ನೋಡಿ ಮಾತನ್ನು ಬದಲಿಸುತ್ತಾಳೆ. ಆ ಕ್ಷಣದಲ್ಲಿ ಅವಳ ಮೆದುಳು ಒಂದು ಭಾಷೆಯನ್ನು ತಡೆದು ಮತ್ತೊಂದನ್ನು ಮುಂದೆ ತರುವ ಸೂಕ್ಷ್ಮ ಕೆಲಸವನ್ನು ನಡೆಸಿರುತ್ತದೆ.

ಡಾ. ಸುವರ್ಣಾ ಅಲ್ಲಾಡಿಯವರೂ ಅವರ ಸಹೋದ್ಯೋಗಿಗಳೂ ಹೈದರಾಬಾದಿನಲ್ಲಿ ಬುದ್ಧಿಮಾಂದ್ಯಕ್ಕೆ, ಎಂದರೆ ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ವ್ಯಾಧಿಗೆ ತುತ್ತಾದ 648 ರೋಗಿಗಳನ್ನು ಪರೀಕ್ಷಿಸಿ, 2013ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗಲಕ್ಷಣಗಳು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿದ್ದುವು. ಅಕ್ಷರವನ್ನೇ ಕಲಿಯದವರಲ್ಲಿಯೂ ಈ ವ್ಯತ್ಯಾಸವಿತ್ತೆಂಬುದು ವಿಶೇಷ. ಈ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಮ್ಮತಕ್ಕೆ ಬಂದಿಲ್ಲ. ಬಹುಭಾಷೆ ರೋಗವನ್ನು ತಡೆಯುವುದೆಂದು ಯಾರೂ ಹೇಳಿಲ್ಲ, ಮುಂದೂಡಬಹುದೆಂಬುದಷ್ಟೇ ಅಭಿಪ್ರಾಯ. ಆದರೂ ಮನೆಮಾತನ್ನು ಹೀಗಳೆದು ಮಕ್ಕಳ ಬಾಯಿಂದ ಬಿಡಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ತಾಳಮದ್ದಲೆಯೆಂಬ ತರ್ಕಶಾಲೆ

ನೆನಪಿದ್ದರೆ ಸಾಲದು, ವಿಚಾರಶಕ್ತಿ ಬೇಕು. ಅದಕ್ಕೆ ಈ ಮಣ್ಣಿನಲ್ಲೇ ಒಂದು ಶಾಲೆಯಿದೆ. ಹೊನ್ನಾವರ ತಾಲೂಕು ಯಕ್ಷಗಾನದ ತವರು. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರೂ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ಸೀಮೆಯವರು. ಚಿಟ್ಟಾಣಿಯವರು 80 ದಾಟಿದ ಮೇಲೂ ರಂಗದಲ್ಲಿ ಹೆಜ್ಜೆ ಹಾಕಿದುದನ್ನು ನೋಡಿದವರು ಅನೇಕರಿದ್ದಾರೆ. ಇದರ ಸೋದರ ಕಲೆಯಾದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದೊಡನೆ ಅರ್ಥಧಾರಿ ಕುಳಿತಲ್ಲಿಯೇ ಅರ್ಥ ಹೇಳಬೇಕು. ಪ್ರಸಂಗದ ಪದ್ಯ ಗೊತ್ತಿರುತ್ತದೆ; ಎದುರಾಳಿ ಏನು ಕೇಳುವನೆಂಬುದು ಗೊತ್ತಿರುವುದಿಲ್ಲ. ಪುರಾಣಜ್ಞಾನ, ತರ್ಕ, ಶಬ್ದಸಂಪತ್ತು, ಸಮಯಸ್ಫೂರ್ತಿಗಳೆಲ್ಲವೂ ಆ ಒಂದು ಕ್ಷಣದಲ್ಲಿ ಕೂಡಿಬರಬೇಕು.

ಇಂದು ಮೊಬೈಲಿನಲ್ಲಿ ಬುದ್ಧಿ ಬೆಳೆಸುವ ಆಟಗಳೆಂದು ಹಲವು ಬಂದಿವೆ. ಒಂದು ಆಟದಲ್ಲಿ ಗಳಿಸಿದ ಚಾತುರ್ಯ ಬಹುಮಟ್ಟಿಗೆ ಆ ಆಟದಲ್ಲಿಯೇ ನಿಲ್ಲುತ್ತದೆಂಬುದು ಅನೇಕ ಪರಿಶೋಧಕರ ಅಭಿಮತ. ಜನರ ನಡುವೆ ಕುಳಿತು, ಕೇಳಿ, ಯೋಚಿಸಿ, ಉತ್ತರ ಕೊಡುವ ವಿದ್ಯೆಯ ಫಲ ಬಾಳಿನ ಉಳಿದ ಕೆಲಸಗಳಿಗೂ ಒದಗುತ್ತದೆಂಬುದು ನನ್ನ ಅನುಭವ.

ಅರಳು ಮರಳೆಂಬ ಅಪವಾದ

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನನ್ನ ದೊಡ್ಡಪ್ಪನವರು ಹವ್ಯಾಸಿ ಅರ್ಥಧಾರಿಗಳಾಗಿದ್ದರು. ಎಪ್ಪತ್ತರ ಸುಮಾರಿಗೆ ಅವರು ಕೂಟಗಳಿಗೆ ಹೋಗುವುದನ್ನು ಬಿಟ್ಟರು. ಜಗುಲಿಯಲ್ಲಿ ನಾಲ್ವರು ಮಾತನಾಡುತ್ತಿದ್ದರೆ ಎದ್ದು ಒಳಗೆ ಹೋಗುತ್ತಿದ್ದರು. ಕೇಳಿದ್ದಕ್ಕೊಂದು, ಹೇಳುವುದಿನ್ನೊಂದು. "ಪಾಪ, ಅರಳು ಮರಳು" ಎಂದು ಮನೆಮಂದಿಯೆಲ್ಲ ಮರುಗಿದೆವು, ಮರುಗಿ ಸುಮ್ಮನಾದೆವು. ಎರಡು ವರ್ಷ ಹೀಗೆಯೇ ಕಳೆಯಿತು. ಕಡೆಗೆ ಬೇರೆ ಕಾರಣಕ್ಕೆ ವೈದ್ಯರಲ್ಲಿಗೆ ಹೋದಾಗ ತಿಳಿದುಬಂದುದು, ಅವರಿಗೆ ಕೆಟ್ಟಿದ್ದುದು ಬುದ್ಧಿಯಲ್ಲ, ಕಿವಿ ಎಂದು. ಶ್ರವಣಯಂತ್ರ ಬಂದ ಮೇಲೆ ಅವರು ಮತ್ತೆ ಜಗುಲಿಗೆ ಬಂದರು. ಒಂದು ರಾತ್ರಿ ಕೃಷ್ಣಸಂಧಾನದಲ್ಲಿ ಅರ್ಥವನ್ನೂ ಹೇಳಿದರು. ಹಿಂದಿನ ಓಟವಿರಲಿಲ್ಲ, ಆದರೆ ಮಾತು ಅವರದೇ ಆಗಿತ್ತು. ಆ ಎರಡು ವರ್ಷಗಳನ್ನು ಅವರಿಂದ ಕಸಿದುದು ವಾರ್ಧಕ್ಯವಲ್ಲ, ನಮ್ಮ ಗಾದೆ. ಪಂಡಿತನೆನಿಸಿಕೊಂಡ ನಾನೂ ಅದನ್ನು ನಂಬಿದ್ದೆನೆಂಬ ವ್ಯಥೆ ಇಂದಿಗೂ ಉಳಿದಿದೆ.

ಕಿವಿ ಕೇಳದವನು ಮಾತಿನಿಂದ ದೂರವಾಗುತ್ತಾನೆ; ಮಾತಿನಿಂದ ದೂರವಾದವನ ಮೆದುಳಿಗೆ ಕೆಲಸ ತಪ್ಪುತ್ತದೆ. 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಬುದ್ಧಿಮಾಂದ್ಯಕ್ಕೆ ತಿದ್ದಬಹುದಾದ 14 ಕಾರಣಗಳನ್ನು ಎಣಿಸಿದೆ. ಕಿವುಡುತನ, ದೃಷ್ಟಿದೋಷ, ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನ, ಮದ್ಯಪಾನ, ಖಿನ್ನತೆ, ಒಂಟಿತನ, ಜಡಜೀವನ, ತಲೆಗೆ ಪೆಟ್ಟು, ಬಾಲ್ಯದಲ್ಲಿ ವಿದ್ಯೆಯ ಕೊರತೆ ಮೊದಲಾದವು ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ನೂರರಲ್ಲಿ ಸುಮಾರು 45 ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿ ಈ ವ್ಯಾಧಿಗೀಡಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅಂದಮೇಲೆ ಇದು ಉಪೇಕ್ಷಿಸುವ ವಿಷಯವಲ್ಲ. ಥೈರಾಯ್ಡ್ ದೋಷ, ಬಿ–12 ಜೀವಸತ್ವದ ಕೊರತೆಗಳಿಂದ ಬರುವ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಶುದ್ಧ ಶಾಕಾಹಾರಿಗಳು ಎರಡನೆಯದರ ವಿಷಯದಲ್ಲಿ ಎಚ್ಚರವಾಗಿರಬೇಕು. ಹೆಸರು ಮರೆತು ಆಮೇಲೆ ನೆನಪಾಗುವುದು ವಯೋಧರ್ಮ. ದಿನಬಳಕೆಯ ದಾರಿಯೇ ತಪ್ಪಿದರೆ, ಹಣದ ಲೆಕ್ಕ ಹಿಡಿತಕ್ಕೆ ಸಿಗದಿದ್ದರೆ ಮರುಕವಲ್ಲ, ವೈದ್ಯರು ಬೇಕು.

ದೇಹದ ಮಾತು

ನಮ್ಮ ಮನೆಗಳಲ್ಲಿ ಒಂದೆಲಗದ ತಂಬುಳಿಯನ್ನು ಮಕ್ಕಳಿಗೆ ನೆನಪಿನ ಶಕ್ತಿ ಹೆಚ್ಚಲೆಂದು ಬಡಿಸುತ್ತಾರೆ. ಒಳ್ಳೆಯ ಆಹಾರ, ಉಣ್ಣಬೇಕು. ಆದರೆ ತಂಬುಳಿ ಉಂಡವನು ಓದದಿದ್ದರೆ ಅದು ತಾನೇ ಓದಲಾರದು. ಇದಕ್ಕಿಂತ ನಿಶ್ಚಿತವಾದುದು ನಡಿಗೆ. 55ರಿಂದ 80 ವಯಸ್ಸಿನ 120 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವರ್ಷವಿಡೀ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪ್ಪೋಕ್ಯಾಂಪಸ್ ನೂರಕ್ಕೆ ಎರಡರಷ್ಟು ಹಿಗ್ಗಿತು. ಬರಿಯ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತು. ಕಲಿತದ್ದನ್ನು ಮೆದುಳು ನೆಲೆಗೊಳಿಸುವುದು ನಿದ್ರೆಯಲ್ಲಿ. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವುದು ಬಿತ್ತಿದ ಬೀಜವನ್ನು ಕೆದಕಿದಂತೆ. ಈ ಮೂರು ಊರುಗಳನ್ನೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವ ತರುಣನು, ತಾನು ಓದಿದ ವಿದ್ಯೆಯೆಲ್ಲ ಯಾವ ಪಾತ್ರೆಯಲ್ಲಿದೆಯೆಂಬುದನ್ನು ನೆನೆಯಬೇಕು.

ವಯೋಮಾನಕ್ಕೆ ತಕ್ಕ ಕರ್ತವ್ಯ

ವಿದ್ಯಾರ್ಥಿಗಳು ದಿನಕ್ಕೊಂದು ಪದ್ಯವನ್ನು ಅರ್ಥಸಹಿತ ಕಂಠಸ್ಥ ಮಾಡಲಿ. ಪುಸ್ತಕ ಮುಚ್ಚಿ ತಮಗೆ ತಾವೇ ಒಪ್ಪಿಸಿಕೊಳ್ಳಲಿ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನೆದು ಹೇಳುವುದು ಹೆಚ್ಚು ಫಲಕಾರಿ. ನಡುವಯಸ್ಸಿನವರು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಲಿ. ತಿಳಿಯದ ವಿದ್ಯೆಯೊಂದನ್ನು ಹೊಸದಾಗಿ ಕೈಗೊಳ್ಳಲಿ. ವೃದ್ಧರು ನಿವೃತ್ತಿಯನ್ನು ಉದ್ಯೋಗಕ್ಕೆ ಮಾತ್ರ ಸೀಮಿತಗೊಳಿಸಲಿ. 1913ರಲ್ಲಿ ಜನಿಸಿದ ನಿಘಂಟುತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣವನ್ನು ಆರಂಭಿಸಿದುದು 1991ರಲ್ಲಿ. ಎಪ್ಪತ್ತೆಂಟು ಅವರಿಗೆ ಆರಂಭದ ವಯಸ್ಸಾಗಿತ್ತು.

ವಿದ್ಯಾರ್ಥಿಮಿತ್ರರಲ್ಲಿ ಕಡೆಯದೊಂದು ಬಿನ್ನಹ. ಇಂದು ಸಂಜೆ ಮನೆಗೆ ಹೋದಾಗ ಅಜ್ಜನನ್ನೋ ಅಜ್ಜಿಯನ್ನೋ ಒಂದು ಕಥೆ ಹೇಳೆಂದು ಕೇಳಿರಿ. ಹೇಳುವಾಗ ಅವರು ತಡವರಿಸಿದರೆ ನಗದಿರಿ, ಅವಸರಪಡಿಸದಿರಿ. ಅವರ ಕಿವಿಗೆ ನಿಮ್ಮ ಮಾತು ಮುಟ್ಟುತ್ತಿದೆಯೇ ಎಂಬುದನ್ನು ಮೊದಲು ನೋಡಿರಿ. ಹೇಳುವವರಿಗೂ ಕೇಳುವವರಿಗೂ ಅದೇ ಅಭ್ಯಾಸ.