ಲಾವಣಿಯೊಳಗಿನ ಕುಂಪಣಿ ದಂಡು

ಬ್ರಿಟಿಷರ ದಂಡು ಬೀಡುಬಿಟ್ಟ ಊರುಗಳಲ್ಲಿ ಸೋಲ್ಜರರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಿದ್ದರು. ಹೆಣ್ಣುವೇಷವೂ ಅವರದೇ, ನಡುನಡುವೆ ಊದುವ ಬ್ಯಾಂಡೂ ಅವರ ರೆಜಿಮೆಂಟಿನದೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಆ ಕಾಲದ ಗುರುತು. ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಕಡೆಯ ಹಳ್ಳಿಗರಿಗೆ ಮಾತ್ರ ದಂಡಿನ ದರ್ಶನವಾದದ್ದು ಬೇರೆ ಅಟ್ಟದ ಮೇಲೆ, ಲಾವಣಿಯಲ್ಲಿ.

ಲಾವಣಿ ಮೇಳಕ್ಕೆ ಬೇಕಾದ ಸಾಮಾನು ಕಡಿಮೆ: ಡಪ್ಪು, ತುಂತುಣಿ, ತಾಳ. ಮುಂದೆ ನಿಂತವರು ಕಥೆ ಎತ್ತಿದರೆ ನುಡಿ ಮುಗಿಯುವಲ್ಲಿ ಹಿಮ್ಮೇಳದವರು ‘ಗೀ ಗೀ’ ಎಂದು ದನಿ ಎಳೆಯುತ್ತಾರೆ. ಎದುರುಬದುರಾಗುವ ಎರಡು ಪಂಗಡಗಳಲ್ಲಿ ಹರದೇಶಿಯವರು ಶಿವನನ್ನು ಮೇಲು ಮಾಡಿದರೆ ನಾಗೇಶಿಯವರು ಶಕ್ತಿಯನ್ನು. ಸವಾಲು-ಜವಾಬು ಬೆಳತನಕ ನಡೆದರೂ ಜನ ಏಳುವುದಿಲ್ಲ.

ಈ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಹಲಗಲಿ ಬೇಡರ ಲಾವಣಿ. 1857ರಲ್ಲಿ ಸರ್ಕಾರ ಹತಾರ ಒಪ್ಪಿಸಿರೆಂದು ಹುಕುಂ ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಹತಾರ ಕೊಡುವುದೂ ಜೀವ ಕೊಡುವುದೂ ಅವರಿಗೆ ಒಂದೇ. ನವೆಂಬರ್ ಕೊನೆಗೆ ದಂಡು ರಾತ್ರಿ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಜನರನ್ನು 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು.

ಲಾವಣಿಕಾರ ಹನುಮ, ಬಾಲ, ಜಡಗ, ರಾಮರ ಕೆಚ್ಚನ್ನು ಹೊಗಳುತ್ತಾನೆ, ದಂಡಿನ ಸಾಹೇಬನ ಕುದುರೆಯನ್ನೂ ಓಡಿಸುತ್ತಾನೆ. ಆದರೆ ಅವನ ಕಣ್ಣು ನಿಜವಾಗಿ ನೆಟ್ಟದ್ದು ಲೂಟಿಯ ಮೇಲೆ. ದಂಡಿನವರು ಏನೇನು ಹೊತ್ತೊಯ್ದರೆಂದು ಯಾದಿ ಹಾಕುತ್ತಾನೆ: ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ, ಗಂಗಾಳ, ಕೊನೆಗೆ ಮಂಗಳಸೂತ್ರ, ಬೀಸುಕಲ್ಲು. ಬೀಸುಕಲ್ಲು ಹೊತ್ತೊಯ್ಯುವ ಸೈನಿಕ! ಚಕ್ರಾಧಿಪತ್ಯದ ಮರ್ಯಾದೆ ತೆಗೆಯಲು ಇಷ್ಟು ಸಾಕು. ದಂಡಿನ ಸ್ವಂತ ನಾಟಕದಲ್ಲಿ ಇಂಥ ಪಾತ್ರ ಸಿಗಲಿಕ್ಕಿಲ್ಲ.

ಈ ಲಾವಣಿಯನ್ನು ಅಚ್ಚಿಗೆ ತಂದವರು ಯಾರು ಗೊತ್ತೆ? ಅದೇ ಸರ್ಕಾರದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್. 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವರು ಕನ್ನಡದ ಲಾವಣಿಗಳನ್ನು ಪ್ರಕಟಿಸಿದರು. ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡೂ ಅವುಗಳಲ್ಲಿತ್ತು. ರಾಯಣ್ಣ ಮುಂದೆ ಸಣ್ಣಾಟ, ಕಂಪನಿ ನಾಟಕಗಳ ನಾಯಕನೂ ಆದ.

ಹಾಡು ಕೂಡಿಸಿ ಅಚ್ಚು ಹಾಕಿಸುವ ಈ ಕೆಲಸಕ್ಕೆ ನಮ್ಮವರೇ ಕೈಹಾಕಿದ್ದು ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಬಳಗ 1931ರಲ್ಲಿ ‘ಗರತಿಯ ಹಾಡು’ ತಂದಿತು. ಲಾವಣಿಗಳಿಗೆಂದೇ ‘ಜೀವನ ಸಂಗೀತ’ ಬಂತು. ಅದೇ ಊರಿನ ಖಾಜಾಭಾಯಿ ಸ್ವತಃ ದೊಡ್ಡ ಲಾವಣಿಕಾರ. ಊರೊಂದರಲ್ಲೇ ಹಾಡು ಕಟ್ಟುವವರೂ ಕೂಡಿಸಿಡುವವರೂ ಇದ್ದದ್ದು ಈ ಭಾಗದ ಭಾಗ್ಯ.

ಹಲಗಲಿ ಲಾವಣಿಯನ್ನು ಹತ್ತನೇ ಇಯತ್ತೆಯ ಕನ್ನಡ ಪಠ್ಯದಲ್ಲಿ ಓದಿ, ಪರೀಕ್ಷೆ ಬರೆದು ಮರೆತವರು ಬಹಳ. ಅದು ಕಿವಿಯಿಂದ ಓದಬೇಕಾದ ಪಾಠ. ಈ ಸಲ ಜಾತ್ರೆಗೆ ಮೇಳ ಕರೆಸುವ ಕಮಿಟಿಯವರು ವೀಳ್ಯ ಕೊಡುವಾಗಲೇ ಹಲಗಲಿಯದ್ದೊಂದು ಹಾಡಬೇಕೆಂದು ಮಾತು ತೆಗೆದುಕೊಳ್ಳಲಿ.