ಹಳೇ ರಿಸೀವರ್‌ಗೆ ಹೊಸ ಸ್ಟಿಕ್
ಹಳೇ ಹೋಮ್ ಥಿಯೇಟರ್ ರಿಸೀವರ್‌ಗೆ ಹೊಸ 4ಕೆ ಫೈರ್ ಟಿವಿ ಸ್ಟಿಕ್ ಹಾಕಿದ್ರೆ ಟಿವಿ ಕಪ್ಪಗಾಗುತ್ತಾ? ಗುಜರಿಯವನನ್ನ ಕರೆಯೋ ಮುಂಚೆ ಸ್ವಲ್ಪ ತಾಳಿ.

ತೊಂದರೆ ಇರೋದು ಚಿತ್ರದ್ದು, ಸೌಂಡಿನದ್ದಲ್ಲ. 4ಕೆ ಸಿನಿಮಾ ಕಳಿಸೋ ಮುಂಚೆ ಸ್ಟಿಕ್ಕು ಎಚ್‌ಡಿಸಿಪಿ 2.2 ಅನ್ನೋ ಬೀಗಕ್ಕೆ ಕೀಲಿ ಕೇಳುತ್ತೆ. 2010ರ ಸುಮಾರಿನ ರಿಸೀವರ್ ಹತ್ರ ಅದಿಲ್ಲ. ಆಗ ಚಿತ್ರ 1080ಪಿಗೆ ಇಳಿಯುತ್ತೆ, ಇಲ್ಲಾ ಬರೋದೇ ಇಲ್ಲ.

ಅದಕ್ಕೇ ಸ್ಟಿಕ್ಕನ್ನ ನೇರ ಟಿವಿಗೇ ಚುಚ್ಚಿ. ಟಿವಿ ಹಿಂದೆ ಆಪ್ಟಿಕಲ್ ಅಂತ ಬರೆದಿರೋ ಪುಟ್ಟ ಚೌಕ ಇರುತ್ತೆ. ಆಪ್ಟಿಕಲ್ ಕೇಬಲ್ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದು ಅಲ್ಲಿಂದ ರಿಸೀವರ್‌ಗೆ ಎಳೀರಿ. ಇನ್ನೊಂದು ತುದೀಲಿ ಕೆಂಪು ಬೆಳಕು ಕಂಡ್ರೆ ಲೈನ್ ಬಂತು ಅಂತ.

ಬಹಳ ಜನ ಎಡವೋದು ಇಲ್ಲೇ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ ಇದ್ರೆ ಆಪ್ಟಿಕಲ್‌ನಲ್ಲಿ ಹೋಗೋದು ಎರಡೇ ಚಾನೆಲ್. ಡಾಲ್ಬಿ ಡಿಜಿಟಲ್ ಆರಿಸಿ, 5.1 ಬರುತ್ತೆ. ಆಗಲೂ ಹಿಂದಿನ ಸ್ಪೀಕರ್ ಸುಮ್ಮನಿದ್ರೆ ಸ್ಟಿಕ್ಕಿನ ಸೆಟ್ಟಿಂಗ್‌ನಲ್ಲೂ ಡಾಲ್ಬಿ ಡಿಜಿಟಲ್ ಅಂತಲೇ ಇಡಿ. ಮೇಲಿಂದಲೂ ಸದ್ದು ಕೊಡೋ ಡಾಲ್ಬಿ ಅಟ್ಮಾಸ್ ಮಾತ್ರ ಈ ವೈರಲ್ಲಿ ಹೋಗಲ್ಲ. ಇರಲಿ ಬಿಡಿ, ಚಾವಣಿಗೆ ಸ್ಪೀಕರ್ ಹಾಕಿಸಿರೋರು ಎಷ್ಟು ಜನ?

ನನ್ನ ಕಿವಿಯನ್ನ ಕೇಳಿದ್ರೆ, ಐದು ಸ್ಪೀಕರಿನ ಹಳೇ ಸೆಟ್ಟು ಅಗ್ಗದ ಸೌಂಡ್‌ಬಾರ್‌ಗಿಂತ ಎಷ್ಟೋ ವಾಸಿ.