ಅನಿಶ್ಚಿತತೆಯ ಲೆಕ್ಕ: ವಾಣಿಜ್ಯ ವಿದ್ಯಾರ್ಥಿಗೆ ಉದ್ಯಮಶೀಲತೆಯ ತಳಪಾಯ

ಬಿಕಾಂ ಮತ್ತು ಬಿಬಿಎ ತರಗತಿಗಳಲ್ಲಿ ಲೆಕ್ಕಶಾಸ್ತ್ರ, ವೆಚ್ಚ ನಿರ್ಣಯ, ಮಾರುಕಟ್ಟೆ ನಿರ್ವಹಣೆ, ವ್ಯಾಪಾರ ಕಾನೂನುಗಳನ್ನು ಬೇರೆ ಬೇರೆ ವಿಷಯಗಳಾಗಿ ಕಲಿಸಲಾಗುತ್ತದೆ. ಆದರೆ ಉದ್ಯಮ ಕಟ್ಟಲು ಹೊರಟವರ ಮುಂದೆ ಇವೆಲ್ಲವೂ ಒಟ್ಟಾಗಿ, ಬೇಕಾದ ಮಾಹಿತಿ ಪೂರ್ತಿ ಕೈಸೇರುವ ಮೊದಲೇ, ಒಂದು ತೀರ್ಮಾನವನ್ನು ಬೇಡುತ್ತ ನಿಲ್ಲುತ್ತವೆ. ಉದ್ಯಮಶೀಲತೆ ಎಂಬ ವಿಷಯದ ತಿರುಳು ಇರುವುದು ಇಲ್ಲಿಯೇ. ಅದು ಧೈರ್ಯದ ಪಾಠವೂ ಅಲ್ಲ, ಯಶಸ್ವಿ ವ್ಯಕ್ತಿಗಳ ಜೀವನಚರಿತ್ರೆಯೂ ಅಲ್ಲ. ಗೊತ್ತಿಲ್ಲದ್ದನ್ನು ಎದುರಿಟ್ಟುಕೊಂಡು, ಗೊತ್ತಿರುವಷ್ಟನ್ನು ಲೆಕ್ಕಕ್ಕೆ ತಂದು ಹೆಜ್ಜೆ ಇಡುವ ಶಿಸ್ತು.

ಈ ತಿಳಿವಳಿಕೆ ಹಳೆಯದು. ರಿಚರ್ಡ್ ಕ್ಯಾಂಟಿಲನ್ ಎಂಬ ಅರ್ಥಚಿಂತಕನ ಮರಣಾನಂತರ 1755ರಲ್ಲಿ ಪ್ರಕಟವಾದ ಗ್ರಂಥವು, ತಿಳಿದ ಬೆಲೆಗೆ ಕೊಂಡು ತಿಳಿಯದ ಬೆಲೆಗೆ ಮಾರುವವನನ್ನು ಉದ್ಯಮಿ ಎಂದು ಗುರುತಿಸಿತು. 1921ರಲ್ಲಿ ಅಮೆರಿಕದ ಫ್ರಾಂಕ್ ನೈಟ್ ಅಪಾಯಕ್ಕೂ ಅನಿಶ್ಚಿತತೆಗೂ ಗೆರೆ ಎಳೆದರು: ಸಂಭವನೀಯತೆಯನ್ನು ಅಳೆಯಬಹುದಾದದ್ದು ಅಪಾಯ, ಆದ್ದರಿಂದ ಅದಕ್ಕೆ ವಿಮೆ ಮಾಡಿಸಬಹುದು, ಅಳತೆಗೇ ಸಿಗದ್ದು ಅನಿಶ್ಚಿತತೆ, ಅದನ್ನು ಹೊರುವುದಕ್ಕೆ ಸಲ್ಲುವ ಪ್ರತಿಫಲವೇ ಲಾಭ. ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆಗಳನ್ನು ತಂದು ಹಳೆಯ ವ್ಯವಸ್ಥೆಯನ್ನು ಅಲುಗಾಡಿಸುವುದು ಉದ್ಯಮಿಯ ಕೆಲಸವೆಂದವರು ಜೋಸೆಫ್ ಶುಂಪೀಟರ್.

ಉದ್ಯಮಿಗಳು ಹುಟ್ಟುತ್ತಾರೆಯೇ ಹೊರತು ಅವರನ್ನು ರೂಪಿಸಲಾಗದು ಎಂಬ ನಂಬಿಕೆಯನ್ನು ಪ್ರಶ್ನಿಸಿದ ಪ್ರಯೋಗವೊಂದು ನಡೆದದ್ದು ನಮ್ಮ ನೆರೆಯ ಆಂಧ್ರದಲ್ಲಿ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ 1960ರ ದಶಕದಲ್ಲಿ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧನಾಕಾಂಕ್ಷೆಯ ತರಬೇತಿ ಕೊಡಿಸಿ, ತರಬೇತಿ ಪಡೆದವರು ಮುಂದೆ ಹೆಚ್ಚು ಚಟುವಟಿಕೆಯಿಂದ ವ್ಯವಹಾರ ವಿಸ್ತರಿಸಿದ್ದನ್ನು ಕಂಡರು. ಅವರ ಬಳೆ ಎಸೆತದ ಪರೀಕ್ಷೆ ಪ್ರಸಿದ್ಧವಾದದ್ದು. ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕಾದವರು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ತಾವೇ ಆಯ್ದುಕೊಳ್ಳಬೇಕು; ಸಾಧನಾಕಾಂಕ್ಷೆ ಬಲವಾಗಿದ್ದವರು ತೀರಾ ಹತ್ತಿರವನ್ನೂ ತೀರಾ ದೂರವನ್ನೂ ಬಿಟ್ಟು, ಕಷ್ಟಸಾಧ್ಯವಾದರೂ ಕೈಗೆಟುಕುವ ನಡು ಅಂತರವನ್ನು ಆರಿಸಿಕೊಳ್ಳುತ್ತಿದ್ದರು. ಉದ್ಯಮಿ ಜೂಜುಕೋರನಲ್ಲ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಅನುಭವಿ ಉದ್ಯಮಿಗಳು ಯೋಚಿಸುವ ಬಗೆಯನ್ನು ಅಧ್ಯಯನ ಮಾಡಿ 2001ರಲ್ಲಿ ತಮ್ಮ ಸಿದ್ಧಾಂತವನ್ನು ಮಂಡಿಸಿದ ಸರಸ್ ಸರಸ್ವತಿ ಅವರು, ಅಂಥವರು ದೂರದ ಗುರಿಯಿಂದಲ್ಲ, ತಮ್ಮ ಬಳಿ ಇರುವುದರಿಂದ ಆರಂಭಿಸುತ್ತಾರೆ ಎಂದರು: ತಾನು ಯಾರು, ತನಗೇನು ಗೊತ್ತು, ತನಗೆ ಯಾರು ಗೊತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು, ಕಳೆದುಕೊಂಡರೂ ತಾಳಿಕೊಳ್ಳಬಲ್ಲಷ್ಟನ್ನು ಮಾತ್ರ ಪಣಕ್ಕೆ ಒಡ್ಡುತ್ತಾರೆ. ಬೆಂಗಳೂರಿನ ಬಯೋಕಾನ್ ಇದಕ್ಕೆ ಒಳ್ಳೆಯ ನಿದರ್ಶನ. ಬಿಯರ್ ತಯಾರಿಕೆಯ ವಿದ್ಯೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು ಬಂದ ಕಿರಣ್ ಮಜುಂದಾರ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಆ ಉದ್ಯೋಗದ ಬಾಗಿಲು ಮುಚ್ಚಿದಾಗ, ಹುದುಗುವಿಕೆಯ ಅದೇ ಜ್ಞಾನವನ್ನು ಕಿಣ್ವಗಳ ತಯಾರಿಕೆಗೆ ತಿರುಗಿಸಿ, ಐರ್ಲೆಂಡಿನ ಕಂಪನಿಯೊಂದರ ಸಹಭಾಗಿತ್ವದಲ್ಲಿ, 1978ರಲ್ಲಿ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭಿಸಿದರು. ಪಪಾಯಿಯಿಂದ ತೆಗೆಯುವ ಪಪೇನ್ ಎಂಬ ಕಿಣ್ವ ಅವರ ಮೊದಲ ಸರಕುಗಳಲ್ಲೊಂದಾಗಿತ್ತು.

ಸಿದ್ಧಾಂತವು ಅಂಕಿಗಳಿಗೆ ಇಳಿದಾಗಲೇ ವಾಣಿಜ್ಯ ವಿದ್ಯಾರ್ಥಿಯ ನಿಜವಾದ ಶಕ್ತಿ ಹೊರಬೀಳುತ್ತದೆ. ಧಾರವಾಡದಲ್ಲಿ ಶೇಂಗಾ ಚಟ್ನಿಯ ಸಣ್ಣ ಘಟಕವೊಂದನ್ನು ಕಲ್ಪಿಸಿಕೊಳ್ಳಬಹುದು. ಬಾಡಿಗೆ, ಸಂಬಳಗಳಂಥ, ಮಾರಾಟ ಎಷ್ಟೇ ಆದರೂ ತಪ್ಪದ ಸ್ಥಿರ ವೆಚ್ಚ ತಿಂಗಳಿಗೆ 45,000 ರೂಪಾಯಿ. ಶೇಂಗಾ, ಖಾರ, ಪೊಟ್ಟಣ, ಸಾಗಣೆ ಸೇರಿ ಪ್ರತಿ ಪೊಟ್ಟಣಕ್ಕೆ ತಗಲುವ ಬದಲಾಗುವ ವೆಚ್ಚ 45 ರೂಪಾಯಿ. ಅಂಗಡಿಗೆ ಮಾರುವ ಬೆಲೆ 75 ರೂಪಾಯಿ ಎಂದಿಟ್ಟುಕೊಂಡರೆ, ಪೊಟ್ಟಣವೊಂದಕ್ಕೆ ಉಳಿಯುವ 30 ರೂಪಾಯಿಯಿಂದಲೇ ಸ್ಥಿರ ವೆಚ್ಚ ತೀರಬೇಕು. ಅಂದರೆ 1,500 ಪೊಟ್ಟಣ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ; ಇದೇ ಬ್ರೇಕ್ ಈವನ್ ಬಿಂದು. ಅಂಗಡಿಯವರು ಬೆಲೆಯಲ್ಲಿ 5 ರೂಪಾಯಿ ಇಳಿಸಲು ಪಟ್ಟು ಹಿಡಿದರೆ ಆ ಬಿಂದು 1,800ಕ್ಕೆ ಏರುತ್ತದೆ. ಕ್ಯಾಂಟಿಲನ್ ಹೇಳಿದ ತಿಳಿಯದ ಬೆಲೆಯ ತೂಕ ಎಷ್ಟೆಂಬುದು ಆ 300 ಪೊಟ್ಟಣಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದಕ್ಕಿಂತಲೂ ಹೆಚ್ಚು ಮಂದಿ ಎಡವುವುದು ಲಾಭಕ್ಕೂ ನಗದಿಗೂ ಇರುವ ಅಂತರದಲ್ಲಿ. ಸರಕನ್ನು ಉದ್ರಿ ಕೊಂಡ ಅಂಗಡಿಗಳು 45 ದಿನಗಳ ನಂತರ ಹಣ ಕೊಡುವುದಾದರೆ, ತಿಂಗಳಿಗೆ 1,500 ಪೊಟ್ಟಣ ಮಾರುವ ಘಟಕದ ಸುಮಾರು 1,69,000 ರೂಪಾಯಿ ಸದಾ ಹೊರಗೇ ಉಳಿಯುತ್ತದೆ. ಶೇಂಗಾ ವ್ಯಾಪಾರಿಗೂ ಕೆಲಸದವರಿಗೂ ಮಾತ್ರ ಕೂಡಲೇ ಹಣ ಸಲ್ಲಬೇಕು. ಈ ನಡುವಿನ ಕಾಲವನ್ನು ದಾಟಿಸುವ ಹಣಕ್ಕೆ ದುಡಿಯುವ ಬಂಡವಾಳವೆಂದು ಹೆಸರು. ಲೆಕ್ಕಪುಸ್ತಕದಲ್ಲಿ ಲಾಭ ತೋರಿಸುತ್ತಿರುವಾಗಲೇ ಎಷ್ಟೋ ಉದ್ಯಮಗಳು ನಿಂತುಹೋಗುವುದು ಇದರ ಕೊರತೆಯಿಂದ.

ಇಂಥ ಕಲಿಕೆಗೆ ಕರ್ನಾಟಕವೇ ದೇಶಕ್ಕೊಂದು ಮಾದರಿಯನ್ನು ಕೊಟ್ಟಿದೆ. ಡಾ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು, ಅಲ್ಪಾವಧಿಯ ತರಬೇತಿ ಕೊಟ್ಟ ಮೇಲೆ ಅಭ್ಯರ್ಥಿಯನ್ನು ಬ್ಯಾಂಕ್ ಸಾಲ ಪಡೆದು ಉದ್ಯೋಗ ನೆಲೆಗೊಳ್ಳುವವರೆಗೂ ಬೆನ್ನ ಹಿಂದೆ ನಿಂತು ನಡೆಸುವ ಪದ್ಧತಿಯನ್ನು ರೂಪಿಸಿತು. ಜಿಲ್ಲೆಗೊಂದರಂತೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಯುವ ಕೇಂದ್ರ ಸರ್ಕಾರದ ಯೋಜನೆಗೆ ಇದೇ ಆಧಾರವಾಯಿತು. ಕಾಲೇಜುಗಳು ಇದರಿಂದ ಕಲಿಯಬೇಕಾದ್ದು ಬಹಳವಿದೆ. ಯೋಜನಾ ವರದಿಯನ್ನು ಅಂಕಗಳಿಗಾಗಿ ಬರೆಸಿ ಕಟ್ಟಿಡುವ ಬದಲು, ವಿದ್ಯಾರ್ಥಿಗಳು ನಾಲ್ಕಾರು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ, ಸಣ್ಣ ಪ್ರಮಾಣದಲ್ಲಿ ಮಾರಿ, ಊಹಿಸಿದ ಅಂಕಿಗೂ ಬಂದ ಅಂಕಿಗೂ ಇರುವ ವ್ಯತ್ಯಾಸಕ್ಕೆ ಕಾರಣ ಹುಡುಕುವಂತಾಗಬೇಕು.

ಪದವಿ ಪಡೆದವರೆಲ್ಲ ಉದ್ಯಮಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರಲ್ಲಿ ಕೆಲವರು ನಾಳೆ ಬ್ಯಾಂಕಿನ ಮೇಜಿನ ಆಚೆ ಕುಳಿತು ಚಟ್ನಿ ಘಟಕದವರ ಸಾಲದ ಅರ್ಜಿಯನ್ನು ಓದುತ್ತಾರೆ. ಉದ್ರಿ ಎಷ್ಟು ದಿನದ್ದು ಎಂಬ ಒಂದು ಪ್ರಶ್ನೆಯನ್ನು ಅವರು ಸಕಾಲದಲ್ಲಿ ಕೇಳಿ, ಅದಕ್ಕೆ ತಕ್ಕ ಸಾಲವನ್ನು ನಿಗದಿಪಡಿಸಿದರೆ, ತರಗತಿಯಲ್ಲಿ ಕಲಿತ ಪಾಠ ಹಲವರ ದುಡಿಮೆಯನ್ನು ಉಳಿಸುತ್ತದೆ.